ಹಂಚು ಇಳಿಸಿದ ಮನೆಯ ಸುರುಳಿಚಿತ್ರ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತಳಾದವಳಿಗೆ ಬರುವ ಉಡುಗೊರೆಗಳು ಎಂಥವು ಎಂದು ಯಾರು ಬೇಕಾದರೂ ಊಹಿಸಬಹುದು. ಒಂದು ಬಣ್ಣದ ಡಬ್ಬಿ, ಮತ್ತೊಂದು ಬಣ್ಣದ ಡಬ್ಬಿ, ಆಮೇಲೆ ಗೋಡೆ ಗಡಿಯಾರ. ನನ್ನ ಶಿರಸಿಯ ಮನೆಯಲ್ಲಿ ಈಗ ಗೋಡೆಗಿಂತ ಗಡಿಯಾರ ಹೆಚ್ಚಾಗಿವೆ, ಒಂದರ ಹೊತ್ತು ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಕಳೆದ ದೀಪಾವಳಿ ಮುಗಿದ ವಾರದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಉದ್ದನೆಯ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ, ಅದು ಗಡಿಯಾರವಲ್ಲ ಎನ್ನುವುದಕ್ಕೇ ನನಗೆ ಅರ್ಧ ಖುಷಿಯಾಯಿತು.

ಅವಳು ಗುಡ್ನಾಪುರದ ಕಡೆಯವಳು. ಈಗ ಧಾರವಾಡದಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಯಾವುದೋ ಕಮ್ಮಟಕ್ಕೆಂದು ಜಪಾನಿಗೆ ಹೋಗಿ ಬಂದಿದ್ದಳು. ಪೆಟ್ಟಿಗೆಯಲ್ಲಿ ಕಾಗದದ ಒಂದು ಸುರುಳಿ ಇತ್ತು. ಎಂಟುನೂರು ವರ್ಷಗಳ ಹಿಂದೆ ಅಲ್ಲಿಯವರು ಕಥೆಯನ್ನು ಹೀಗೆ ಉದ್ದಕ್ಕೆ ಬರೆದು, ನಡುನಡುವೆ ಚಿತ್ರ ಬಿಡಿಸಿ, ಸುತ್ತಿ ಇಡುತ್ತಿದ್ದರಂತೆ. ಅಂಥದೊಂದರ ಅಚ್ಚಿನ ಪ್ರತಿ.

"ಗ್ವಾಡಿಗೆ ತೂಗ ಹಾಕಬ್ಯಾಡ್ರಿ ಟೀಚರ," ಎಂದಳು. "ಮುಂದ ಇಟ್ಕೊಂಡು ಒಂದು ಮೊಳ ಬಿಚ್ರಿ. ನೋಡಿ ಮುಗೀತಂದ್ರ ಅದನ್ನ ಸುತ್ರಿ, ಮುಂದಿನ ಮೊಳ ಬಿಚ್ರಿ. ಪೂರ್ತಿ ಹಾಸಿಬಿಟ್ರ ಕಥಿ ಸತ್ತು ಹೋಗ್ತೈತಿ."

ಅವಳು ಚಹಾ ಕುಡಿದು ಹೋದ ಕೂಡಲೇ ಊಟದ ಮೇಜಿನ ಮೇಲೆ ಬಿಚ್ಚಿದೆ. ಮೊದಲ ಮೊಳದಲ್ಲಿ ಸುಟ್ಟು ಬೂದಿಯಾದ ಬೀದಿ. ಮುಂದಿನದರಲ್ಲಿ ಧಗಧಗ ಬೆಂಕಿ. ಅದರ ಮುಂದೆ ಬೆಂಕಿಯೇ ಇಲ್ಲ, ಮನೆಗಳು ಗಟ್ಟಿಮುಟ್ಟಾಗಿ ನಿಂತಿವೆ. ಕೊನೆಯಲ್ಲಿ ಎಲ್ಲರೂ ಕೂತು ಊಟ ಮಾಡುತ್ತಿದ್ದಾರೆ. ಎಂಥ ಛಲದ ಜನ, ಬೂದಿಯಿಂದ ಎದ್ದು ಊಟದವರೆಗೆ ಬಂದರಲ್ಲ ಎಂದು ಮನಸ್ಸು ತುಂಬಿ ಬಂದು, ಅವಳಿಗೆ ಫೋನ್ ಮಾಡಿ ಹೊಗಳಿದೆ. ಅವಳು ಬಸ್ಸಿನಲ್ಲಿದ್ದಳು. ನಕ್ಕು ನಕ್ಕು ಮಾತೇ ಹೊರಡಲಿಲ್ಲ. ಆ ಸುರುಳಿಯನ್ನು ಬಲದಿಂದ ಎಡಕ್ಕೆ ಓದಬೇಕು. ದಾರಿಯಲ್ಲಿ ಯಾರಿಗೋ ಪೂರ್ತಿ ತೋರಿಸಿ, ಹಿಂದಕ್ಕೆ ಸುತ್ತದೆ ಹಾಗೇ ತಂದಿದ್ದಳಂತೆ. ನಾನು ಕನ್ನಡ ಓದುವವಳ ಹಾಗೆ ಎಡದಿಂದ ಶುರುಮಾಡಿ, ಒಂದು ಊರು ಸುಟ್ಟ ಕಥೆಯನ್ನು ಊರು ಉದ್ಧಾರವಾದ ಕಥೆಯಾಗಿ ಓದಿಕೊಂಡಿದ್ದೆ. ನನಗೇನೋ ನನ್ನ ಕಥೆಯೇ ಚೆನ್ನಾಗಿತ್ತು.

ಸರಿಯಾದ ಕಡೆಯಿಂದ ಬಿಚ್ಚಿದ ಮೇಲೆ ನಿಜವಾದ ಹುಚ್ಚು ಹಿಡಿಯಿತು. ಆ ಚಿತ್ರಕಾರರು ಮನೆಯ ಒಳಗನ್ನು ತೋರಿಸಲು ಕಿಟಕಿ, ಬಾಗಿಲು ಎಂದು ತಲೆ ಕೆಡಿಸಿಕೊಂಡೇ ಇಲ್ಲ. ಮನೆಯ ಮಾಡನ್ನೇ, ಅಂದರೆ ಚಾವಣಿಯನ್ನೇ, ಎತ್ತಿ ಆಚೆ ಇಟ್ಟುಬಿಟ್ಟಿದ್ದಾರೆ. ಮೇಲಿನಿಂದ ಓರೆಯಾಗಿ ಇಣುಕಿದರೆ ಒಂದು ಕೋಣೆಯಲ್ಲಿ ಗಂಡ, ಪಕ್ಕದ ಕೋಣೆಯಲ್ಲಿ ಹೆಂಡತಿ, ಇಬ್ಬರೂ ಏನು ಮಾಡುತ್ತಿದ್ದಾರೆಂದು ಅವರಿಬ್ಬರನ್ನು ಬಿಟ್ಟು ನಮಗೆಲ್ಲ ಗೊತ್ತು. ಒಬ್ಬನೇ ಮನುಷ್ಯ ಒಂದೇ ಚಿತ್ರದಲ್ಲಿ ಮೂರು ಕಡೆ ಇರುತ್ತಾನೆ. ಬಾಗಿಲಲ್ಲಿ, ಮೆಟ್ಟಿಲಲ್ಲಿ, ರಸ್ತೆಯಲ್ಲಿ. ಅವನು ಹೊರಟು ಹೋದ ಎಂದು ಅರ್ಥ. ಬಹಳ ಕಾಲ ಕಳೆಯಿತು ಎಂದು ಹೇಳಲು ನಡುವೆ ಮಂಜಿನ ಪಟ್ಟೆಯೊಂದನ್ನು ಹರಿಸುತ್ತಾರೆ. ಮುಖವಂತೂ ದೊಡ್ಡ ಮನೆತನದವರಿಗೆಲ್ಲ ಒಂದೇ: ಕಣ್ಣಿಗೊಂದು ಗೆರೆ, ಮೂಗಿಗೊಂದು ಕೊಕ್ಕೆ. ನಾನು ಇಂಥ ಮೂಗು ಬರೆದ ಮಕ್ಕಳ ಕಿವಿ ಹಿಂಡಿದವಳು. ಈಗ ನೋಡಿದರೆ ಮೂಗು ಕೊಕ್ಕೆಯಾಗಿದ್ದೇ ಸರಿ ಎನ್ನಿಸುತ್ತಿತ್ತು.

ನನ್ನ ದೊಡ್ಡಣ್ಣನ ಮಗಳು ಶಿರಸಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ವಾರವಿಡೀ ನನ್ನ ಮನೆಯಲ್ಲೇ ಇರುತ್ತಾಳೆ, ಶನಿವಾರ ಊರಿಗೆ ಹೋಗುತ್ತಾಳೆ. ಅವಳಿಗೆ ಯಲ್ಲಾಪುರದ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ವೈಶಾಖದಲ್ಲಿ, ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ಮಾಡುವುದೆಂದು ದೊಡ್ಡಣ್ಣ ಹಟ ಹಿಡಿದಿದ್ದ. ಹುಡುಗಿಗೆ ಹುಡುಗ ಇಷ್ಟ, ಹುಡುಗನ ಮನೆಯವರು ಇಷ್ಟ, ಸೀರೆ ಕೂಡ ಇಷ್ಟ. ಆದರೂ ಒಂದು ಸಂಜೆ ಸುರುಳಿ ಬಿಚ್ಚುತ್ತ ಕೂತವಳ ಕಣ್ಣಲ್ಲಿ ನೀರಿತ್ತು.

"ಚಿಕ್ಕಮ್ಮ ಮದುವೆಗೆ ಬತ್ತಿಲ್ಲೆ ಅತ್ತೆ," ಎಂದಳು.

ಇದನ್ನು ಬಿಡಿಸಿ ಹೇಳಬೇಕು. ನನ್ನ ತವರು ಸಿದ್ದಾಪುರ ತಾಲೂಕಿನಲ್ಲಿ, ದೊಡ್ಮನೆ ಎಂಬ ಊರಿನ ಕಡೆ. ನನಗೆ ಇಬ್ಬರು ಅಣ್ಣಂದಿರು, ಇಬ್ಬರು ಅತ್ತಿಗೆಯರು. ದೊಡ್ಡತ್ತಿಗೆ ಈ ಹುಡುಗಿಯ ತಾಯಿ. ಇವಳ ಚಿಕ್ಕಮ್ಮನಾದ ಸಣ್ಣತ್ತಿಗೆಗೆ ಇಬ್ಬರು ಗಂಡುಮಕ್ಕಳು, ಹೆಣ್ಣುಮಗಳು ಎಂದರೆ ಇವಳೇ. ಇವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು, ಜಡೆ ಹಾಕಿದ್ದು, ಮಗ್ಗಿ ಹೇಳಿಕೊಟ್ಟದ್ದು ಹೆಚ್ಚುಪಾಲು ಅವಳೇ. ಏಳೆಂಟು ವರ್ಷಗಳ ಹಿಂದೆ ಅಣ್ಣಂದಿರು ನಗುನಗುತ್ತಲೇ ಆಸ್ತಿ ಪಾಲು ಮಾಡಿಕೊಂಡು ಹಿಸೆಯಾದರು. ಮನೆಯ ನಡುವೆ ಒಂದು ಗೋಡೆ ಎದ್ದಿತು. ಹಳೆಯ ಅಡುಗೆಮನೆ ದೊಡ್ಡಣ್ಣನ ಪಾಲಿಗೆ ಬಂತು. ಅದರ ಪಕ್ಕದ ಉಗ್ರಾಣವನ್ನು ಸಣ್ಣಣ್ಣ ಅಡುಗೆಮನೆ ಮಾಡಿಕೊಂಡ. ಗೋಡೆಯಿಂದ ಯಾರಿಗೂ ಏನೂ ಆಗಲಿಲ್ಲ. ಅಣ್ಣತಮ್ಮಂದಿರು ಇವತ್ತಿಗೂ ಒಂದೇ ಬೈಕಿನಲ್ಲಿ ಸೊಸೈಟಿಗೆ ಹೋಗುತ್ತಾರೆ. ಕೆಟ್ಟದ್ದೆಲ್ಲ ಆದದ್ದು ಮಾವಿನ ಮಿಡಿಯಿಂದ. ಹಿಸೆಯಾದ ವರ್ಷ ದೊಡ್ಡತ್ತಿಗೆ ಹಾಕಿದ ಮಿಡಿ ಉಪ್ಪಿನಕಾಯಿ ಮೆತ್ತಗಾಯಿತು. ಸಣ್ಣತ್ತಿಗೆ ನಾಲ್ಕು ಜನ ನೆಂಟರ ಮುಂದೆ, "ಮಿಡಿ ಒಳ್ಳೇದೇ ಇತ್ತು, ಕೈ ಎಂತದೋ," ಎಂದುಬಿಟ್ಟಳು. ನಮ್ಮ ಕಡೆ ಹೆಂಗಸಿಗೆ ಬೇರೆ ಏನು ಬೇಕಾದರೂ ಅನ್ನಿ, ನಡೆಯುತ್ತದೆ. ಉಪ್ಪಿನಕಾಯಿ ಹಾಕುವ ಕೈಯನ್ನು ಅನ್ನಬಾರದು. ಅವತ್ತು ನಿಂತ ಮಾತು ಮತ್ತೆ ಶುರುವಾಗಲೇ ಇಲ್ಲ.

ಮದುವೆಯಾದರೂ ಇದನ್ನು ಸರಿ ಮಾಡಬೇಕಿತ್ತು. ಅದರ ಬದಲು ಹೊಸ ಗಂಟು ಬಿತ್ತು. ನಮ್ಮಲ್ಲಿ ಗಂಡಸರ ಕರೆ ಗಂಡಸರಿಗೆ; ಹೆಂಗಸರನ್ನು ಆ ಮನೆಯ ಹೆಂಗಸೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ದೊಡ್ಡತ್ತಿಗೆ ಊರೆಲ್ಲ ಕರೆದಳು, ತ್ಯಾಗಲಿಯವರೆಗೂ ಹೋಗಿ ಬಂದಳು. ಗೋಡೆಯಾಚೆ ಮಾತ್ರ ಹೋಗಲಿಲ್ಲ. ನಾನು ಫೋನಿನಲ್ಲಿ ದಬಾಯಿಸಿದೆ. ಅವಳ ಉತ್ತರ ಬೇರೆಯೇ ಇತ್ತು.

"ಮನೆಯವ್ಕೆ ಕುಂಕುಮ ಕೊಟ್ಟು ಕರೆಯದು ಎಲ್ಲಾದ್ರೂ ಇದ್ದ? ಆನು ಕರೆದ್ರೆ ಅದು ಹೊರಗಿನದು ಹೇಳಿ ಆಗ್ತಿಲ್ಯ?"

ನಮ್ಮ ಮಾತಿನಲ್ಲಿ ಹೆಂಗಸರನ್ನು "ಅದು" ಎನ್ನುವುದು ರೂಢಿ, ಅದರಲ್ಲಿ ತಾತ್ಸಾರವೇನೂ ಇಲ್ಲ. ಅವಳ ಮಾತಿನಲ್ಲಿ ತಾತ್ಸಾರವಲ್ಲ, ಒಂಥರಾ ಮರ್ಯಾದೆಯೇ ಇತ್ತು. ಸಣ್ಣತ್ತಿಗೆಯನ್ನು ಕೇಳಿದರೆ ಅವಳದ್ದೂ ಅಷ್ಟೇ ನ್ಯಾಯ: "ಗೋಡೆ ಕಟ್ಟಿದ್ಮೇಲೆ ಎರಡು ಮನೆ. ಕರೆಯದೇ ಇದ್ದ ಮನೆಗೆ ಊಟಕ್ಕೆ ಹೋಪದು ಎಂಗೊತ್ತಿಲ್ಲೆ." ಕರೆದರೆ ಪರಕೀಯಳು ಎಂದಂತೆ, ಕರೆಯದಿದ್ದರೆ ಬೇಡದವಳು ಎಂದಂತೆ. ಇಬ್ಬರೂ ಸರಿ, ಮದುವೆಯ ಹುಡುಗಿಯೊಬ್ಬಳು ನಡುವೆ ಅಳುತ್ತಿದ್ದಾಳೆ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

"ಅತ್ತೆ," ಎಂದಳು ಹುಡುಗಿ, ಕಣ್ಣೊರೆಸಿಕೊಂಡು, ಬೆರಳನ್ನು ಆ ಮಾಡಿಲ್ಲದ ಮನೆಯ ಮೇಲಿಟ್ಟು. "ಇದ್ರಲ್ಲಿ ಎರಡೂ ಕೋಣೆಯವ್ವು ಕಾಣ್ತ. ನಮ್ಮನೇನೂ ಹಿಂಗೇ ಬರೆದುಕೊಡು. ಎನ್ನ ಕಥೆ ಬರೆ, ಹುಟ್ಟಿದಲ್ಲಿಂದ. ಎನ್ನ ಕಥೆ ಅಂದ್ರೆ ಇಬ್ರೂ ನೋಡೇ ನೋಡ್ತ."

ಚಿತ್ರ ನೋಡಿ ಜಗಳ ಬಿಟ್ಟವರನ್ನು ನನ್ನ ಸರ್ವೀಸಿನಲ್ಲೇ ನಾನು ಕಂಡಿಲ್ಲ. ಚಿತ್ರಕ್ಕಾಗಿ ಜಗಳ ಆಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಮದುವೆಯ ಹುಡುಗಿ ಕೇಳಿದ್ದನ್ನು ಇಲ್ಲ ಎನ್ನಲಾಗುತ್ತದೆಯೇ? ಅಲ್ಲದೆ, ಸುಳ್ಳೇಕೆ, ಅಂಥದೊಂದನ್ನು ನಾನೇ ಮಾಡಿ ನೋಡಬೇಕೆಂದು ನನಗೂ ಕೈ ತುರಿಸುತ್ತಿತ್ತು.

ಡ್ರಾಯಿಂಗ್ ಶೀಟುಗಳನ್ನು ಅಡ್ಡಕ್ಕೆ ಕತ್ತರಿಸಿ ಒಂದರ ತುದಿಗೆ ಇನ್ನೊಂದನ್ನು ಅಂಟಿಸಿದೆ. ಜಪಾನಿನವರು ಗೋಧಿಯ ಅಂಟು ಬಳಸುತ್ತಿದ್ದರೆಂದು ಶಿಷ್ಯೆ ಹೇಳಿದ್ದರಿಂದ ಮೈದಾ ಕಾಸಿದೆ. ಅಂಟನ್ನು ಜಿರಳೆ ತಿನ್ನದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದೆ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಔಷಧಿಗೆಂದು ಅದು ನಮ್ಮವರ ಎಲ್ಲರ ಮನೆಯಲ್ಲೂ ಇರುತ್ತದೆ. ಎರಡು ತುದಿಗೂ ಬೆತ್ತದ ಕೋಲು. ದಿಕ್ಕಿನ ವಿಷಯದಲ್ಲಿ ಮಾತ್ರ ನಾನು ಜಪಾನಿನ ಮಾತು ಕೇಳಲಿಲ್ಲ. ಮತ್ತೆ ಯಾರಾದರೂ ಮದುಮಗಳ ಕಥೆಯನ್ನು ಹಿಂದುಮುಂದಾಗಿ ಓದಿ, ಮದುವೆಯಾಗಿ ಆಮೇಲೆ ಹುಟ್ಟಿದಳು ಎಂದುಕೊಳ್ಳುವುದು ಬೇಡ ಎಂದು ಎಡದಿಂದ ಬಲಕ್ಕೇ ಹೊರಟೆ.

ಹುಡುಗಿ ಹುಟ್ಟಿದ ದಿನ, ಅಕ್ಷರಾಭ್ಯಾಸ, ಕರುವಿನ ಬಾಲ ಹಿಡಿದು ಬಿದ್ದದ್ದು ಎಲ್ಲ ಸಲೀಸಾಗಿ ಬಂದವು. ಜ್ವರದ ಕಥೆಯೂ ಬಂತು. ಮೂರು ವರ್ಷದವಳಿದ್ದಾಗ ಇವಳಿಗೆ ಮೈ ಸುಡುವ ಜ್ವರ. ಅಣ್ಣಂದಿರಿಬ್ಬರೂ ಯಲ್ಲಾಪುರಕ್ಕೆ ಹೋಗಿದ್ದರು, ಗಾಡಿ ಸಿಕ್ಕಲಿಲ್ಲ. ಅತ್ತಿಗೆ ಮಗುವನ್ನು ಹೊತ್ತುಕೊಂಡೇ ಡಾಕ್ಟರ ಮನೆಗೆ ನಡೆದಳು. ನಾನು ಆಗ ಬೇರೆ ಊರಿನಲ್ಲಿದ್ದೆ, ಅಮ್ಮ ಹೇಳಿ ಕೇಳಿದ್ದಷ್ಟೇ. ಅದನ್ನು ಜಪಾನಿನ ಕ್ರಮದಲ್ಲಿ ಬರೆದೆ. ಮನೆಯ ದಣಪೆಯ ಗೇಟಿನಲ್ಲಿ ಮಗು ಹೊತ್ತ ಹೆಂಗಸು, ರಸ್ತೆಯ ತಿರುವಿನಲ್ಲಿ ಅದೇ ಹೆಂಗಸು, ಡಾಕ್ಟರ ಮೆಟ್ಟಿಲಲ್ಲಿ ಅದೇ ಹೆಂಗಸು. ಎಲ್ಲ ಕಡೆಗೂ ಅದೇ ಹಸಿರು ಸೀರೆ, ಗೆರೆಯ ಕಣ್ಣು, ಕೊಕ್ಕೆಯ ಮೂಗು. ಬಿಡಿಸಿ ಮುಗಿಸಿದ ಮೇಲೆ ನನಗೇ ಹೆಮ್ಮೆಯಾಯಿತು.

ಆಮೇಲಿನ ಏಳೆಂಟು ವರ್ಷಗಳನ್ನು ಏನು ಮಾಡುವುದು ಎನ್ನುವುದೇ ಫಜೀತಿಯಾಯಿತು. ಮಾತು ಬಿಟ್ಟ ಇಬ್ಬರನ್ನು ಮದುವೆಯ ಉಡುಗೊರೆಯಲ್ಲಿ ಹೇಗೆ ಬರೆಯುವುದು? ಜಪಾನಿನವರ ಮಂಜು ನೆನಪಾಯಿತು. ಬೇಸಿಗೆಯಲ್ಲಿ ನಮ್ಮಲ್ಲಿ ಮಂಜೆಲ್ಲಿಂದ ಬರಬೇಕು, ಬಚ್ಚಲೊಲೆಯ ಹೊಗೆ ಬೇಕಾದಷ್ಟಿದೆ. ಬೂದು ಬಣ್ಣ ಕಲಸಿ, ಒಂದು ಮೊಳದ ತುಂಬ ಹೊಗೆ ಎಬ್ಬಿಸಿ ಆ ವರ್ಷಗಳನ್ನು ಮುಚ್ಚಿಹಾಕಿದೆ.

ಉಳಿದದ್ದು ಕೊನೆಯ ಚಿತ್ರ, ಈಗಿನ ಮನೆ. ಅಲ್ಲಿ ನನ್ನ ಕೈ ನಿಂತಿತು. ಮಾಡು ತೆಗೆದು ನೋಡಿದರೆ ನಮ್ಮ ಮನೆ ಹೇಗೆ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹುಟ್ಟಿದ ಮನೆ, ಕಣ್ಣು ಮುಚ್ಚಿಕೊಂಡು ತಿರುಗಾಡಬಲ್ಲೆ, ಆದರೂ ಮೇಲಿನಿಂದ ಯಾರು ನೋಡಿರುತ್ತಾರೆ? ಗೋಡೆ ಕಟ್ಟಿದ ಮೇಲಂತೂ ಒಮ್ಮೆ ಈ ಪಾಲಿಗೆ ಹೋಗುತ್ತೇನೆ, ಒಮ್ಮೆ ಆ ಪಾಲಿಗೆ. ಎರಡನ್ನೂ ಒಟ್ಟಿಗೆ ನೋಡಿದವರು ಯಾರೂ ಇರಲಿಲ್ಲ. ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ.

ಅಷ್ಟರಲ್ಲಿ ಚೈತ್ರದ ಕೊನೆಯಲ್ಲಿ ದೊಡ್ಡಣ್ಣ ಫೋನ್ ಮಾಡಿ, ಮದುವೆಗೆ ಮೊದಲು ಮನೆಯ ಹಂಚು ಇಳಿಸಿ, ಲಡ್ಡಾಗಿ ಪುಡಿಯಾಗುತ್ತಿದ್ದ ಮರದ ರೀಪುಗಳನ್ನು ಬದಲಿಸಿ ಹೊಸದಾಗಿ ಹೊದೆಸುತ್ತಿದ್ದೇವೆ, ಇಬ್ಬರ ಪಾಲೂ ಒಟ್ಟಿಗೇ ಮುಗಿದುಹೋಗಲಿ, ಧೂಳು ವಿಪರೀತ, ನೀನು ಈಗ ಬರಬೇಡ ಎಂದ. ನಾನು ಮರುದಿನ ಬೆಳಗಿನ ಬಸ್ಸಿಗೇ ಹೋದೆ.

ಮನೆಯ ಹಿಂದೆ ಗುಡ್ಡ ಕಡಿದ ಎತ್ತರದ ಧರೆ, ಅದರ ಮೇಲೆ ಗೇರುಮರಗಳ ನಡುವೆ ಕಾಲುದಾರಿ. ಅಲ್ಲಿ ಹೋಗಿ ಕೂತೆ. ಹಂಚಿನವರು ಊಟಕ್ಕೆ ಇಳಿದಿದ್ದರು. ಕೆಳಗೆ ನನ್ನ ತವರುಮನೆ ಮಾಡಿಲ್ಲದೆ ತೆರೆದುಕೊಂಡು ಬಿದ್ದಿತ್ತು. ದೇವರ ಕೋಣೆ, ಉಪ್ಪರಿಗೆಯ ಏಣಿ, ನಡುವೆ ಆ ಗೋಡೆ. ಮನೆಯೊಳಗೆ ನಿಂತಾಗ ಕೋಟೆಯ ಹಾಗೆ ಕಾಣುತ್ತಿದ್ದ ಗೋಡೆ ಅಲ್ಲಿಂದ ನೋಡಿದರೆ ಒಂದು ಗೀಟು. ಗೋಡೆಯ ಈಚೆ ಹಳೆಯ ಅಡುಗೆಮನೆಯಲ್ಲಿ ದೊಡ್ಡತ್ತಿಗೆ ಬೇಯಿಸಿದ ಹಲಸಿನ ತೊಳೆಯನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುತ್ತಿದ್ದಳು. ಆಚೆ ಸಣ್ಣತ್ತಿಗೆಯೂ ಹಲಸಿನ ತೊಳೆಯನ್ನೇ ಕುಟ್ಟುತ್ತಿದ್ದಳು. ಗ್ರೈಂಡರ್ ಇಬ್ಬರಲ್ಲೂ ಇದೆ. ಹಪ್ಪಳದ ಹಿಟ್ಟಿಗೆ ಒರಳೇ ಆಗಬೇಕೆನ್ನುವ ಹಟವೂ ಇಬ್ಬರಲ್ಲೂ ಇದೆ. ಇಬ್ಬರೂ ಗೋಡೆಗೆ ಬೆನ್ನು ಹಾಕಿ ನಿಂತಿದ್ದರು, ನಡುವೆ ಒಂದೇ ಇಟ್ಟಿಗೆಯ ದಪ್ಪ. ತಲ್ಲೀನರಾಗಿ ಕುಟ್ಟುತ್ತಿದ್ದ ಅವರಿಗೆ ಮೇಲೆ ಮಾಡಿಲ್ಲ ಎನ್ನುವುದೂ ಮರೆತ ಹಾಗಿತ್ತು. ನನಗೆ ನಗು ಬಂತು. ಪೆನ್ಸಿಲ್ ತೆಗೆದು, ಹಂಚಿನವರು ಮತ್ತೆ ಏಣಿ ಹತ್ತುವುದರೊಳಗೆ ಬರೆದು ಮುಗಿಸಿದೆ.

ಸುರುಳಿ ಸಿದ್ಧವಾದದ್ದು ಮದುವೆಗೆ ವಾರವಿರುವಾಗ. ಹುಡುಗಿ ರಜೆ ಹಾಕಿದ್ದಳು, ಇಬ್ಬರೂ ಊರಿಗೆ ಹೋದೆವು. ಎಲ್ಲಿ ತೋರಿಸುವುದೆಂದು ಅವಳೇ ಲೆಕ್ಕ ಹಾಕಿದ್ದಳು. ಮನೆ ಎರಡಾದರೂ ಅಂಗಳ ಹಿಸೆಯಾಗಿರಲಿಲ್ಲ. ಚಪ್ಪರದ ಕಂಬಗಳು ಆಗಲೇ ಎದ್ದಿದ್ದವು. ಊಟದ ನಂತರ ಸಣ್ಣತ್ತಿಗೆ ತನ್ನ ಪಾಲಿನ ತುದಿಯಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸಲು ಬರುತ್ತಾಳೆ, ಆ ಹೊತ್ತಿಗೇ ನಾವು ಈ ತುದಿಯಲ್ಲಿ ಕೂರಬೇಕು. ಹಾಗೇ ಆಯಿತು. ಸಣ್ಣತ್ತಿಗೆ ನಮಗೆ ಬೆನ್ನು ಹಾಕಿ ಹಪ್ಪಳ ಹರಡುತ್ತಿದ್ದಳು. ಕಿವಿ ಮಾತ್ರ ನಮ್ಮ ಕಡೆಗೇ ಇತ್ತು, ಅದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ದೊಡ್ಡಣ್ಣ ಬಂದವನೇ ಇಡೀ ಸುರುಳಿಯನ್ನು ಅಂಗಳದುದ್ದಕ್ಕೂ ಹಾಸಿಬಿಡು ಎಂದ. ಅವನನ್ನು ಗದರಿಸಿ ಕೂರಿಸಿದೆ. ಎಡಗಡೆ ನಾನು, ಬಲಗಡೆ ಹುಡುಗಿ, ನಡುವೆ ಒಂದು ಮೊಳ ಕಥೆ. ನೆರೆಮನೆಯಾಕೆ ಕನ್ನಡಕ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಬಂದು ಕೂತಳು. ಮೊದಲ ಚಿತ್ರದಲ್ಲಿ ಹುಡುಗಿ ಹುಟ್ಟಿದ ಸುದ್ದಿ ಕೇಳಿ ದೊಡ್ಡಣ್ಣ ಓಡುತ್ತಿದ್ದಾನೆ, ಜಗುಲಿಯಲ್ಲಿ, ಅಂಗಳದಲ್ಲಿ, ದಣಪೆಯಲ್ಲಿ.

"ಈ ಮೂರು ಜನ ಯಾರು?" ಎಂದಳು ನೆರೆಮನೆಯಾಕೆ.

"ಒಬ್ನೇಯ. ಅಣ್ಣ ಓಡ್ತಾ ಇದ್ದ," ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡು, "ಒಬ್ಬಂಗೆ ಮೂರು ಸಲ ಜಾಗ ಇದ್ದು. ಯಮ್ಮನೆಯವ್ರು ಆವತ್ತು ಇಡೀ ದಿನ ಇಲ್ಲೇ ಇದ್ದಿದ್ರು, ಒಂದು ಸಲನೂ ಬರೆದಿದ್ದಿಲ್ಲೆ," ಎಂದಳು. ಅವಳ ಗಂಡನನ್ನು ಎಲ್ಲಾದರೂ ಸೇರಿಸುತ್ತೇನೆಂದು ಮಾತು ಕೊಟ್ಟ ಮೇಲೇ ಸುರುಳಿ ಮುಂದೆ ಸರಿಯಿತು. ಕರುವಿನ ಬಾಲಕ್ಕೆ ಎಲ್ಲರೂ ನಕ್ಕರು. ಹಪ್ಪಳದ ಚಾಪೆಯ ಕಡೆಯಿಂದಲೂ ಸಣ್ಣಗೆ ನಗು ಕೇಳಿಸಿದಂತಾಯಿತು.

ಆಮೇಲೆ ಜ್ವರದ ಚಿತ್ರ ಬಂತು. ದೊಡ್ಡತ್ತಿಗೆ ಬಗ್ಗಿ ನೋಡಿದಳು. ಹಸಿರು ಸೀರೆಯ ಹೆಂಗಸನ್ನು ದಣಪೆಯಲ್ಲಿ ನೋಡಿದಳು, ತಿರುವಿನಲ್ಲಿ ನೋಡಿದಳು.

"ಇದು ಯಾರು?" ಎಂದಳು.

"ನೀನೇಯ ಅತ್ತಿಗೆ. ಮತ್ಯಾರು?"

"ಆನಲ್ಲ."

ನನಗೆ ರೇಗಿತು. ಮುಖ ಹೋಲುತ್ತಿಲ್ಲ ಎಂದು ತಕರಾರು ತೆಗೆಯುತ್ತಿದ್ದಾಳೆ ಎಂದುಕೊಂಡು, ಜಪಾನಿನಲ್ಲಿ ಎಲ್ಲರಿಗೂ ಇದೇ ಮುಖ ಎಂದು ಪಾಠ ಶುರುಮಾಡಿದೆ. ಅವಳು ಕೈಯೆತ್ತಿ ನನ್ನ ಪಾಠ ನಿಲ್ಲಿಸಿದಳು.

"ಮುಖ ಅಲ್ಲ. ಆ ದಿನ ಆನು ಕಾಲ ಮೇಲೆ ಬಿಸಿ ಗಂಜಿ ಹೊಯ್ಕಂಡು ಮಲಗಿದ್ದಿದ್ದೆ. ಕೂಸನ್ನ ಹೊತ್ತಿದ್ದು ಆನಲ್ಲ." ಗದ್ದವನ್ನು ಹಪ್ಪಳದ ಚಾಪೆಯ ಕಡೆ ತಿರುಗಿಸಿದಳು. "ಅದು."

ಇಪ್ಪತ್ತು ವರ್ಷದ ಮೇಲೆ ನನಗೆ ಗೊತ್ತಾಗುತ್ತಿದೆ, ಅಮ್ಮ "ಅತ್ತಿಗೆ" ಎಂದಾಗ ಯಾವ ಅತ್ತಿಗೆ ಎಂದು ನಾನು ಕೇಳಿಯೇ ಇರಲಿಲ್ಲ. ಮದುಮಗಳು ಬೆತ್ತದ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಸಣ್ಣತ್ತಿಗೆ ತಿರುಗಲಿಲ್ಲ. ಒಂದು ಹಪ್ಪಳ ಮಗುಚಿ ಹಾಕಿ, ಹಪ್ಪಳಕ್ಕೇ ಹೇಳುವವಳ ಹಾಗೆ ಹೇಳಿದಳು: "ತಿರುವಿನ ತನಕ ಅಷ್ಟೇಯ ಆನು. ಅಲ್ಲಿಂದ ಮುಂದೆ ಅಕ್ಕ. ಸುಟ್ಟ ಕಾಲಲ್ಲೇ ಹಿಂದಿಂದ ಬಂತು. ಎನ್ನ ಕೈ ಸೋತಿದ್ದು ನೋಡಿ ಕೂಸನ್ನ ಕಸ್ಕಂಡ್ತು."

"ಸುಳ್ಳು," ಎಂದಳು ದೊಡ್ಡತ್ತಿಗೆ. "ಡಾಕ್ಟ್ರ ಮೆಟ್ಲು ತನಕ ನೀನೇ ಹೊತ್ತಿದ್ದೆ. ಆನು ಬರೀ ಹಿಂದೆ ಕುಂಟ್ತಾ ಬಂದಿದ್ದು."

"ಸುಳ್ಳು ಹೇಳಲೆ ಎಂಗೆಂತಾಯ್ದು? ಮೆಟ್ಲು ಹತ್ತುವಾಗ ನಿನ್ನ ಕಾಲಿಂದ ನೀರು ಇಳೀತಿತ್ತು. ಕಂಪೌಂಡರ್ ಮೊದ್ಲು ನಿನ್ನ ಕಾಲಿಗೇ ಔಷಧ ಹಚ್ಚಲೆ ಬಂದ."

"ನಿನ್ನ ತಲೆ. ಹಂಗೆಂತ ಆಯ್ದಿಲ್ಲೆ."

ಸಣ್ಣತ್ತಿಗೆ ಈಗ ಪೂರ್ತಿ ತಿರುಗಿದ್ದಳು. ಏಳೆಂಟು ವರ್ಷ ಮಾತಿಲ್ಲದವರು ಅಂಗಳದ ಆ ತುದಿಗೂ ಈ ತುದಿಗೂ ಜಗಳಕ್ಕೆ ನಿಂತಿದ್ದರು, ಅದೂ ಉಪಕಾರವನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಕಟ್ಟಲು. ದೊಡ್ಡಣ್ಣ ಬಾಯಿ ಹಾಕಲು ಹೋದ, ನಾನು ಅವನ ಕಾಲು ತುಳಿದೆ.

"ಹಂಗಾದ್ರೆ ಎನ್ನ ಹೊತ್ಕಂಡು ಮೆಟ್ಲು ಹತ್ತಿದ್ದು ಯಾರು?" ಎಂದಳು ಹುಡುಗಿ.

ಇಬ್ಬರೂ ಒಟ್ಟಿಗೇ ಕೈ ನೀಡಿ ಒಬ್ಬರನ್ನೊಬ್ಬರು ತೋರಿಸಿದರು.

ಮೊದಲು ನಕ್ಕದ್ದು ನೆರೆಮನೆಯಾಕೆ. ನಾನು ಚಿತ್ರ ನೋಡಿದೆ. ಒಬ್ಬಳೇ ಎಂದು ನಾನು ಬರೆದ ಹೆಂಗಸು ಇಬ್ಬರಾಗಿದ್ದಳು. ಗೆರೆಯ ಕಣ್ಣು, ಕೊಕ್ಕೆಯ ಮೂಗಿನಲ್ಲಿ ಯಾರು ಯಾರೆಂದು ಬರೆದ ನನಗೂ ಗೊತ್ತಾಗುತ್ತಿರಲಿಲ್ಲ. ತಪ್ಪಿ ಬರೆದದ್ದೇ ಸರಿಯಾಗಿತ್ತು.

"ಮುಂದೆ ಎಂತ ಇದ್ದು?" ಎಂದು ಕೇಳುತ್ತ ಸಣ್ಣತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಹುಡುಗಿ ಬಲಗಡೆಯ ಕೋಲನ್ನು ಅವಳ ಕೈಗೆ ಕೊಟ್ಟಳು. ನಾನು ಎಡಗಡೆ ಸುತ್ತುತ್ತ ಹೋದೆ, ಅವಳು ಬಲಗಡೆ ಬಿಚ್ಚುತ್ತ ಹೋದಳು. ಹೊಗೆ ಬಂತು.

"ಇಷ್ಟು ಹೊಗೆ ಎಂತಕೆ?" ಎಂದಳು ದೊಡ್ಡತ್ತಿಗೆ.

"ನಿಂಗಳಿಬ್ರದೇಯ. ನಂಗೆ ಬರೆದು ಬರೆದು ಕೈ ನೋವು ಬಂತು," ಎಂದೆ. ಹೇಳಬೇಕಾದದ್ದನ್ನು ಹೇಳದೆ ಬಿಟ್ಟರೆ ನನಗೆ ಉಂಡದ್ದು ಅರಗುವುದಿಲ್ಲ. ಇಬ್ಬರೂ ಕೇಳಿಸಿಕೊಳ್ಳದವರ ಹಾಗೆ ಕೂತರು.

ಹೊಗೆ ಮುಗಿದು ಮನೆ ಬಂತು. ದೊಡ್ಡಣ್ಣ ನಿಟ್ಟುಸಿರು ಬಿಟ್ಟು, "ಹಂಚು ಹೊದೆಸಿ ಇನ್ನೂ ಕೈ ತೊಳೆದಿದ್ನಿಲ್ಲೆ, ನೀನು ಮಾಡೇ ತೆಗೆದುಬಿಟ್ಯಲೇ," ಎಂದ. ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅತ್ತಿಗೆಯರಿಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ಆ ಗೀಟಿನಂಥ ಗೋಡೆಯನ್ನು, ಅದಕ್ಕೆ ಬೆನ್ನು ಹಾಕಿ ಒನಕೆ ಹಿಡಿದ ಇಬ್ಬರು ಹೆಂಗಸರನ್ನು ನೋಡುತ್ತಿದ್ದರು.

"ಅಕ್ಕ, ನೀನೂ ಇಲ್ಲೇ ನಿಂತು ಕುಟ್ಟದ?" ಎಂದಳು ಸಣ್ಣತ್ತಿಗೆ.

"ಮತ್ತೆಲ್ಲಿ? ನಿನ್ನ ಒನಕೆ ಶಬ್ದ ಕೇಳ್ತು. ನೀನು ನಿಲ್ಸಿದ್ಮೇಲೇ ಆನು ನಿಲ್ಸದು."

ಸಣ್ಣತ್ತಿಗೆ ಚಿತ್ರದಿಂದ ತಲೆ ಎತ್ತಿದಾಗ ಅವಳ ಮುಖದಲ್ಲಿ ಅಳುವೂ ಇತ್ತು, ಹಳೆಯ ಬಿಗುಮಾನದ ಚೂರೂ ಇತ್ತು. "ಮದುವೆ ದಿನ ಆನು ಎಷ್ಟೊತ್ತಿಗೆ ಬರಕ್ಕು?" ಎಂದು ಕೇಳಿದಳು. ಹುಡುಗಿ ತಾಯಿಯ ಮುಖ ನೋಡಿದಳು. ಕುಂಕುಮದ ಭರಣಿ ತರುತ್ತಾಳೋ, ಮತ್ತೆ ನ್ಯಾಯ ಹೇಳುತ್ತಾಳೋ ಎಂದು ನಾನೂ ಅತ್ತಲೇ ನೋಡಿದೆ.

"ಹೊತ್ತು ಕೇಳದು ನೆಂಟ್ರು," ಎಂದಳು ದೊಡ್ಡತ್ತಿಗೆ. "ಬಂದವಕ್ಕೆ ಆಸರಿಗೆ ಕೊಡಕ್ಕಾದ್ದು ನೀನು. ನೀನೇ ಹೊತ್ತು ಕೇಳಿದ್ರೆ ಹೆಂಗೆ? ಈಗ್ಲೂ ನೋಡು, ಇಷ್ಟು ಜನ ಬೈಂದ, ಒಂದು ಲೋಟ ಪಾನಕ ಕೊಟ್ಟವ್ವಿಲ್ಲೆ."

ಸಣ್ಣತ್ತಿಗೆ ಎದ್ದಳು. ಗೋಡೆಯ ಆಚೆಯ ತನ್ನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತು, ತಿರುಗಿ, ಈಚೆಯ ಬಾಗಿಲಿನಿಂದ ಒಳಗೆ ಹೋದಳು. ಗೋಡೆ ಎದ್ದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಹುಡುಗಿ ನನ್ನ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದಳು, ಆ ಅಳು ನಗುವೇ ಆಗಿತ್ತು. ನನ್ನ ಕಣ್ಣೂ ಮಂಜಾಗಿತ್ತು. ಸುರುಳಿ ಅಂಗಳದಲ್ಲಿ ಬಿಚ್ಚಿಕೊಂಡು ಬಿದ್ದಿತ್ತು, ಸುತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಒಳಗಿನಿಂದ ಪಾತ್ರೆ ಸರಿಸಿದ ಸದ್ದಾಯಿತು. ಆಮೇಲೆ ಸಣ್ಣತ್ತಿಗೆಯ ಧ್ವನಿ:

"ಅಕ್ಕ, ಸಕ್ಕರೆ ಡಬ್ಬಿ ಎಲ್ಲಿದ್ದು?"

ದೊಡ್ಡತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ಕೂತಲ್ಲಿಂದಲೇ ಹೇಳಿದಳು.

"ಮೊದ್ಲು ಎಲ್ಲಿತ್ತೋ ಅಲ್ಲೇ ಇದ್ದು."